ಮಳವಳ್ಳಿ ಜಂಕ್ಷನ್

ಮಳವಳ್ಳಿಗೆ ರೈಲಿಲ್ಲ ಎಂಬ ಮಾತನ್ನು ಚೌಡಯ್ಯ ಮೇಷ್ಟ್ರ ಎದುರು ಆಡಿ ನೆಮ್ಮದಿಯಾಗಿ ಮನೆಗೆ ಹೋದವರು ಕಡಿಮೆ. ಮೇಷ್ಟ್ರು ಹೈಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದವರು. ನಿವೃತ್ತಿಯಾದದ್ದು ಅವರ ಕೆಲಸಕ್ಕೆ ಮಾತ್ರ. ಗಂಟಲು ಇನ್ನೂ ಡ್ಯೂಟಿಯಲ್ಲೇ ಇತ್ತು. ಸೊಪ್ಪಿನವಳ ಹತ್ತಿರ ಕೊತ್ತಂಬರಿ ಕೇಳಿದರೂ ಪಕ್ಕದ ಬೀದಿಯ ಹುಡುಗರು ಎದ್ದು ಅಟೆನ್ಷನ್‌ನಲ್ಲಿ ನಿಲ್ಲುತ್ತಿದ್ದರು.

ಇಂಥ ಮೇಷ್ಟ್ರಿಗೆ ರೈಲೆಂದರೆ ಪ್ರಾಣ. ಹುಟ್ಟಿ ಬೆಳೆದ ಊರಿಗೆ ರೈಲು ಬರುವುದಿರಲಿ, ಅದರ ಕೂಗು ಕೂಡ ಕೇಳಿಸುವುದಿಲ್ಲ. ಕೆರೆಯಿಲ್ಲದ ಊರಿನವನಿಗೆ ಈಜಿನ ಹುಚ್ಚು ಹಿಡಿದ ಹಾಗೆ. ಆಗಾಗ ಬಸ್ಸು ಹತ್ತಿ ಮದ್ದೂರಿಗೆ ಹೋಗುವುದು, ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಳ್ಳುವುದು, ಬೆಂಚಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಾ ಹೋಗುವ ಬರುವ ರೈಲುಗಳನ್ನೆಲ್ಲ ನೋಡುವುದು, ಸಂಜೆಗೆ ವಾಪಸು ಬರುವುದು.

"ಅದೇನ್ ನೋಡ್ತೀರೋ ಕಾಣೆ. ಬತ್ತದೆ, ಓಯ್ತದೆ" ಎಂದು ಹೆಂಡತಿ ಸಣ್ಣತಾಯಮ್ಮ ಸಿಡುಕುತ್ತಿದ್ದರು.

"ನೀನು ಟೀವೀಲಿ ನೋಡೋ ಸೊಸೇರೂ ಅಷ್ಟೇ ಅಲ್ವಾ? ಬತ್ತಾರೆ, ಅಳ್ತಾರೆ, ಓಯ್ತಾರೆ" ಎಂದು ಮೇಷ್ಟ್ರು ಅವರಿಗಿಂತ ಜೋರಾಗಿ ಸಿಡುಕುತ್ತಿದ್ದರು.

ಆ ಬೆಂಚಿನ ಮೇಲೆಯೇ ಒಂದು ದಿನ ಪುಣೆಯ ಕುಲಕರ್ಣಿ ಎಂಬುವರ ಪರಿಚಯವಾಯಿತು. ಅವರೂ ರೈಲು ನೋಡಲು ಬಂದವರು. ಕತ್ತಿನಲ್ಲಿ ಕ್ಯಾಮೆರಾ, ಕಣ್ಣಿನಲ್ಲಿ ಭಕ್ತಿ. ಜಗತ್ತಿನಲ್ಲಿ ತನ್ನಂಥವರು ಇನ್ನೂ ಇದ್ದಾರೆಂದು ತಿಳಿದು ಮೇಷ್ಟ್ರಿಗೆ ಆದ ಆನಂದ ಅಷ್ಟಿಷ್ಟಲ್ಲ. ಕುಲಕರ್ಣಿ ಮೇಷ್ಟ್ರನ್ನು ತಮ್ಮ ವಾಟ್ಸಾಪ್ ಗುಂಪಿಗೆ ಸೇರಿಸಿಕೊಂಡರು. ದೇಶದ ರೈಲುಪ್ರೇಮಿಗಳೆಲ್ಲ ಆ ಗುಂಪಿನಲ್ಲಿದ್ದರು. ಒಂದೇ ತೊಡಕು: ಅಲ್ಲಿ ಎಲ್ಲವೂ ಇಂಗ್ಲಿಷು. ಮೇಷ್ಟ್ರು ಒಂದು ಸಂದೇಶವನ್ನು ಕೂಡಿಸಿಕೊಂಡು ಓದಿ ಮುಗಿಸುವಷ್ಟರಲ್ಲಿ ಮತ್ತೊಂದು ರಾಶಿ ಬಂದು ಬೀಳುತ್ತಿತ್ತು. ಕೊನೆಗೆ ಅವರು ಒಂದು ಸುಲಭದ ಹಾದಿ ಹಿಡಿದರು. ಏನೇ ಬರಲಿ, ಹೆಬ್ಬೆಟ್ಟಿನ ಚಿತ್ರ ಒತ್ತುವುದು. ಯಾರೋ ತಮ್ಮ ಅಜ್ಜಿ ತೀರಿಕೊಂಡರೆಂದು ಬರೆದಾಗಲೂ ಮಳವಳ್ಳಿಯಿಂದ ಮೊದಲ ಹೆಬ್ಬೆಟ್ಟು ಹೋಯಿತು.

ಆ ಗುಂಪಿನಲ್ಲಿ ಎಲ್ಲರೂ ಹೆಸರಿನ ಜೊತೆ ತಮ್ಮ ಊರಿನ ಸ್ಟೇಷನ್ ಹೆಸರು ಹಾಕಿಕೊಳ್ಳುತ್ತಿದ್ದರು. ಮೇಷ್ಟ್ರು "ಚೌಡಯ್ಯ, ಮಳವಳ್ಳಿ" ಎಂದು ಹಾಕಿಕೊಂಡರು. ಯಾರೋ ಒಬ್ಬರು, ಇದು ಯಾವ ಸ್ಟೇಷನ್, ನಕ್ಷೆಯಲ್ಲಿ ಕಾಣುತ್ತಿಲ್ಲವಲ್ಲ ಎಂದು ಕೇಳಿ ಪಕ್ಕದಲ್ಲಿ ನಗುವ ಮುಖ ಅಂಟಿಸಿದರು. ಅವರು ನಗದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೇಷ್ಟ್ರಿಗೆ ಉರಿದುಹೋಯಿತು. ಹೆಸರನ್ನು "ಚೌಡಯ್ಯ, ಮಳವಳ್ಳಿ ಜಂಕ್ಷನ್" ಎಂದು ತಿದ್ದಿದರು. ಅಷ್ಟಕ್ಕೂ ಸಿಟ್ಟಿಳಿಯದೆ "ನಾಲ್ಕು ದಿಕ್ಕಿಗೂ ಲೈನು" ಎಂದು ಇಂಗ್ಲಿಷಿನಲ್ಲಿ ಬರೆದರು. ಗುಂಪಿನಲ್ಲಿ ಯಾರೂ ಮತ್ತೆ ನಗಲಿಲ್ಲ.

ಹೀಗಿರುವಾಗ 'ರಾಜವಿಹಾರ' ಎಂಬ ರೈಲು ಹೊರಟಿತು. ಹಿಂದೆ ಬೇರೆ ಬೇರೆ ಸಂಸ್ಥಾನಗಳ ರಾಜರು ಓಡಾಡಿದ ಹಳೆಯ ಬೋಗಿಗಳನ್ನು ಸರಿಮಾಡಿ, ಕೆಂಪು ಬಣ್ಣ ಬಳಿದು, ಒಂದಕ್ಕೊಂದು ಜೋಡಿಸಿ ದೇಶವೆಲ್ಲ ಸುತ್ತಿಸುವ ರೈಲು ಅದು. ಒಳಗೆ ಕೂತು ಸುತ್ತುವವರು ಶ್ರೀಮಂತರು. ಅದು ಹೋಗುವ ದಾರಿಯುದ್ದಕ್ಕೂ ಬಸ್ಸು, ಜೀಪು, ಸಿಕ್ಕ ಸಿಕ್ಕ ಪ್ಯಾಸೆಂಜರ್ ಗಾಡಿ ಹಿಡಿದು ಬೆನ್ನಟ್ಟಿ, ಊರೂರಲ್ಲಿ ನಿಂತು ಫೋಟೋ ತೆಗೆಯುವವರು ಕುಲಕರ್ಣಿಯವರ ಗುಂಪು. ಬೆಂಗಳೂರು ಬಿಟ್ಟ ಮೇಲೆ ಮೈಸೂರಿನ ದಾರಿಯಲ್ಲಿ ರೈಲು ಬಳುಕಿ ಬರುವ ಒಂದು ಒಳ್ಳೆಯ ತಿರುವು ಬೇಕು, ಮಧ್ಯಾಹ್ನದ ಊಟವೂ ಆಗಬೇಕು, ಯಾರಾದರೂ ವ್ಯವಸ್ಥೆ ಮಾಡುತ್ತೀರಾ ಎಂದು ಕುಲಕರ್ಣಿ ಗುಂಪಿನಲ್ಲಿ ಕೇಳಿದರು. ಮೇಷ್ಟ್ರು ಓದುವ ಮೊದಲೇ ಹೆಬ್ಬೆಟ್ಟು ಒತ್ತಿದರು.

ಓದಿದ ಮೇಲೆ ಅವರಿಗೆ ಹೊಳೆದದ್ದು ಅತ್ತೆಯ ಗದ್ದೆ. ಮದ್ದೂರಿನಾಚೆ ಕಲ್ಲುಕೊಪ್ಪಲಿನಲ್ಲಿ ಅವರ ಅತ್ತೆ ದೇವಿರಮ್ಮನ ಗದ್ದೆ ಇತ್ತು. ದೇವಿರಮ್ಮ ಬರೀ ಹೆಣ್ಣು ಕೊಟ್ಟ ಅತ್ತೆಯಲ್ಲ, ಸ್ವಂತ ಸೋದರತ್ತೆ. ಅಳಿಯನನ್ನು ತೊಟ್ಟಿಲಲ್ಲಿದ್ದಾಗಿನಿಂದ ಬೈದುಕೊಂಡು ಬಂದವರು. ಗದ್ದೆಯ ತುದಿಯಲ್ಲಿ ಒಂದು ದಿಬ್ಬ. ಅದರ ಮುಂದೆಯೇ ರೈಲು ಹಳಿ ಬಿಲ್ಲಿನಂತೆ ಬಾಗಿ ಹೋಗುತ್ತದೆ. ಮೇಷ್ಟ್ರು ಫೋನು ಮಾಡಿ, "ಅತ್ತೆ, ಗುರುವಾರ ನಾಕ್ ಜನ ನೆಂಟ್ರು ಕರ್ಕಂಡು ಬತ್ತೀನಿ, ಮುದ್ದೆ ಮಾಡ್ಸಿರು" ಎಂದಷ್ಟೇ ಹೇಳಿದರು.

ನೆಂಟರು ನೆಟ್ಟಗೆ ಮದ್ದೂರಿಗೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನಾಲ್ಕು ದಿಕ್ಕಿಗೂ ಲೈನಿರುವ ಜಂಕ್ಷನ್ನನ್ನು ಒಮ್ಮೆ ನೋಡಿಯೇ ಹೋಗೋಣವೆಂದು ಅವರು ಜೀಪು ಮಾಡಿಕೊಂಡು ಗುರುವಾರ ಬೆಳಿಗ್ಗೆ ಮಳವಳ್ಳಿಗೇ ಬಂದಿಳಿದರು. ಕುಲಕರ್ಣಿ, ಹೌರಾದ ಬ್ಯಾನರ್ಜಿ ಮೇಡಂ, ಮಾತೇ ಆಡದ ಇಬ್ಬರು ಚೆನ್ನೈನವರು. ಹೆಗಲ ಮೇಲೆ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡುಗಳು. ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಗೊಬ್ಬರದ ಅಂಗಡಿಗೆ ಹೋಗಿ ಕುಲಕರ್ಣಿ, "ಮಳವಳ್ಳಿ ಜಂಕ್ಷನ್ ಎಲ್ಲಿ?" ಎಂದು ಹಿಂದಿಯಲ್ಲಿ ಕೇಳಿದರು.

ಆ ಊರಿನಲ್ಲಿ ಕೇಳಬಾರದ ಮನುಷ್ಯನೊಬ್ಬನಿದ್ದರೆ ಅದು ಆ ಅಂಗಡಿಯ ಪುಟ್ಟರಾಜು. ಅವರು ಮಳವಳ್ಳಿ ರೈಲ್ವೆ ಹೋರಾಟ ಸಮಿತಿಯ ಅಧ್ಯಕ್ಷರು. ತಾಲ್ಲೂಕಿಗೆ ಯಾವ ಮಂತ್ರಿ ಬಂದರೂ ಹಾರ ಹಾಕಿ ಅರ್ಜಿ ಕೊಟ್ಟು, ಕೊಟ್ಟ ಅರ್ಜಿಗೆ ಉತ್ತರ ಬಾರದೆ, ಈಗ ಮಂತ್ರಿಗಳೆಂದರೆ ಹಲ್ಲು ಕಡಿಯುವ ಸ್ಥಿತಿಗೆ ಬಂದಿದ್ದರು.

"ನೀವು ರೈಲ್ವೆಯವರಾ?" ಎಂದು ಪುಟ್ಟರಾಜು ಎದ್ದು ನಿಂತು ಕೇಳಿದರು.

"ಹೌದು ಹೌದು, ರೈಲ್ವೆಯೇ ನಮ್ಮ ಜೀವನ" ಎಂದರು ಕುಲಕರ್ಣಿ.

"ಲೈನು ಎಲ್ಲಿ ಬರುತ್ತೆ ಸಾರ್?"

"ಅದನ್ನೇ ಹುಡುಕುತ್ತಿದ್ದೇವೆ."

ಪುಟ್ಟರಾಜು ಗೊಬ್ಬರದ ಮೂಟೆಯ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು ಬಂತು. ತಮ್ಮನ್ನು ಕರೆಸಿದವರು ಚೌಡಯ್ಯ ಎಂದು ಕುಲಕರ್ಣಿ ಹೇಳಿದ್ದೇ ಎದ್ದು ಫೋನು ಹಿಡಿದರು. ಚೌಡಯ್ಯ ಮೇಷ್ಟ್ರು ಸ್ಕೂಟರಿನಲ್ಲಿ ಓಡಿ ಬರುವಷ್ಟರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಜಾತ್ರೆ ನೆರೆದಿತ್ತು. ತಮಟೆ ಬಂದಿತ್ತು. ಮಂತ್ರಿಗಳಿಗೆಂದು ಮಾಡಿಸಿಟ್ಟಿದ್ದ ಸ್ವಾಗತದ ಬ್ಯಾನರು ಬಂದಿತ್ತು. ಕುಲಕರ್ಣಿ ಹಾರ ಹಾಕಿಸಿಕೊಂಡು, ರೈಲುಪ್ರೇಮಿಗಳಿಗೆ ಇಷ್ಟು ಮರ್ಯಾದೆ ಕೊಡುವ ಊರನ್ನು ಎಲ್ಲಿಯೂ ನೋಡಿಲ್ಲವೆಂದು ಕೈಮುಗಿಯುತ್ತಿದ್ದರು.

ಮೇಷ್ಟ್ರಿಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಪುಟ್ಟರಾಜು ಬಂದು ಅಪ್ಪಿಕೊಂಡರು.

"ಇಷ್ಟ್ ದಿನ ನಿಮ್ಮುನ್ನ ಉಚ್ಚ ಅಂತಿದ್ದೋ ಕಣ್ ಮೇಷ್ಟ್ರೇ, ತೆಪ್ಪಾಯ್ತು! ಯಾರ್ಗೂ ಹೇಳ್ದಂಗೆ ಗುಟ್ಟಾಗಿ ಸರ್ವೆನೇ ತರ್ಸ್‌ಬುಟ್ರಲ್ಲ! ನಾವ್ ಸಮಿತಿ ಕಟ್ಕಂಡು ಮಣ್ ಒತ್ತಿದ್ದೇ ಬಂತು. ನೀವೊಬ್ರೇ ಸಾಧಿಸ್‌ಬುಟ್ರಿ!"

ಮೇಷ್ಟ್ರ ಕತ್ತಿಗೂ ಒಂದು ಹಾರ ಬಿತ್ತು. ಊರು ಅವರಿಗೆ ಹಾರ ಹಾಕಿದ್ದು ಅದೇ ಮೊದಲು. ನಿವೃತ್ತಿಯ ದಿನ ಕೂಡ ಶಾಲೆಯವರು ಬರೀ ಗಡಿಯಾರ ಕೊಟ್ಟು ಕಳಿಸಿದ್ದರು. ತೆರೆದ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು. "ಮೊದ್ಲು ಮದ್ದೂರ್ ಕಡೆ ಹೋಗ್‌ಬೇಕು, ಟೈಮಿಲ್ಲ" ಎಂದಷ್ಟೇ ಹೇಳಿ ಜೀಪು ಹತ್ತಿದರು. ಊರು ದಾಟಿದ ಮೇಲೆ ಸಮಿತಿಯವರು ಹಿಂದೆ ಉಳಿಯುತ್ತಾರೆಂದು ಅವರ ಲೆಕ್ಕ. ಹಿಂದಿರುಗಿ ನೋಡಿದರೆ, ಬ್ಯಾನರು ಕಟ್ಟಿದ ಟೆಂಪೋ ತಮಟೆ ಬಡಿಯುತ್ತಾ ಬಾಲದಂತೆ ಬರುತ್ತಿತ್ತು.

ಕಲ್ಲುಕೊಪ್ಪಲಿನ ದಿಬ್ಬ ಕಂಡದ್ದೇ ತಡ, ರೈಲುಪ್ರೇಮಿಗಳಿಗೆ ಲೋಕವೇ ಮರೆತುಹೋಯಿತು. ಓಡಿಹೋಗಿ ಮೂರು ಕಾಲಿನ ಸ್ಟ್ಯಾಂಡುಗಳನ್ನು ನೆಟ್ಟರು. ಕುಲಕರ್ಣಿ ಒಂದು ಕಣ್ಣು ಮುಚ್ಚಿ ಕ್ಯಾಮೆರಾದಲ್ಲಿ ಇಣುಕಿ, ಬ್ಯಾನರ್ಜಿ ಮೇಡಂಗೆ ಕೈಸನ್ನೆ ಮಾಡತೊಡಗಿದರು: ಇನ್ನೂ ಎಡಕ್ಕೆ, ಇನ್ನೂ ಎಡಕ್ಕೆ.

ಪಕ್ಕದ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದವನು ದೇವಿರಮ್ಮನ ಮಗ ಶಿವರಾಜು. ಮೊದಲು ಅವನು ಮೂರು ಕಾಲಿನ ಸ್ಟ್ಯಾಂಡು ನೋಡಿದ. ಆಮೇಲೆ ಮುಚ್ಚಿದ ಕಣ್ಣು ನೋಡಿದ. ಆಮೇಲೆ ಟೆಂಪೋದಿಂದಿಳಿದವರು "ಮಳವಳ್ಳಿಗೆ ರೈಲು ಬೇಕೇ ಬೇಕು!" ಎಂದು ಕೂಗಿದ್ದು ಕೇಳಿದ. ಆ ಕುಟುಂಬದ ಅರ್ಧ ಗದ್ದೆ ಆಗಲೇ ಹೈವೇಗೆ ಹೋಗಿತ್ತು.

"ಅವ್ವೋ! ಸರ್ವೆಯೋರು ಬಂದವ್ರೆ ಕಣವ್ವೋ!" ಎಂದು ಅವನು ಕೂಗಿದ ಕೂಗಿಗೆ ಇಡೀ ಕೊಪ್ಪಲು ಎದ್ದು ಬಂತು. ಕುಡುಗೋಲು, ಗುದ್ದಲಿ, ಒಲೆ ಊದುವ ಕೊಳವೆ, ಯಾರ ಕೈಗೆ ಏನು ಸಿಕ್ಕಿತೋ ಅದು. ಎಲ್ಲರಿಗಿಂತ ಮುಂದೆ, ಮುದ್ದೆ ತಿರುವುವ ಕೋಲು ಹಿಡಿದು ದೇವಿರಮ್ಮ. ಕೋಲಿನ ತುದಿಯಲ್ಲಿ ರಾಗಿ ಹಿಟ್ಟು ಇನ್ನೂ ಹಬೆಯಾಡುತ್ತಿತ್ತು.

"ಐವೇಯೋರೂ ಇಂಗೇ ಮೂರ್ ಕಾಲಿಂದು ನೆಟ್ಟು ಒಂದ್ ಕಣ್ ಮುಚ್ಚಿದ್ರು" ಎಂದು ದೇವಿರಮ್ಮ ಗುಡುಗಿದರು. "ಅವ್ರು ಕಣ್ ಬುಡೋ ಒತ್ಗೆ ಗದ್ದೆ ಇರ್ನಿಲ್ಲ! ಯಾವನ್ಲಾ ಅವ್ನು ಇವ್ರನ್ನ ಕರ್ಕಂಬಂದೋನು?"

ಆಗ ಹಾರ ಹಾಕಿಕೊಂಡ ಅಳಿಯ ಅವರ ಕಣ್ಣಿಗೆ ಬಿದ್ದರು.

"ನೀನಾ? ನೆಂಟ್ರು ಅಂತ ಏಳಿ ನನ್ ಕೈಲೇ ಮುದ್ದೆ ಮಾಡ್ಸಿ, ನನ್ ಗದ್ದೆನೇ ಅಳ್ತೆ ಮಾಡ್ಸಕ್ ಬಂದ್ಯಾ? ನನ್ ಮಗಳ್ ಕೊಟ್ಟೆ, ಮನೆ ಅಸ ಕೊಟ್ಟೆ, ಅದೂ ಸಾಲ್ದೇ ಓಯ್ತಾ ನಿಂಗೆ?"

"ಅತ್ತೆ, ಇಲ್ ಕೇಳು..."

"ಕೇಳೋದೇನೈತೆ? ಹಾರ ಬೇರೆ ಆಕ್ಕಂಡವ್ನೆ, ಮದ್ಲಿಂಗ!"

ಪುಟ್ಟರಾಜು ಸುಮ್ಮನಿರಬೇಕಿತ್ತು. ಇರಲಿಲ್ಲ. ಮುಂದೆ ಬಂದು ಭಾಷಣದ ಧಾಟಿಯಲ್ಲಿ, "ತಾಯಿ, ತಾಲ್ಲೂಕಿನ ಏಳ್ಗೆಗೆ ಸ್ವಲ್ಪ ತ್ಯಾಗ ಮಾಡ್ಬೇಕಾಗುತ್ತೆ" ಎಂದರು.

ದೇವಿರಮ್ಮ ಅವರ ಕಡೆ ತಿರುಗಿದರು. "ಯಾವೂರಪ್ಪ ನಿಂದು?"

"ಮಳವಳ್ಳಿ."

"ಗದ್ದೆ ಐತಾ?"

"ಬೆಳಕವಾಡಿ ದಾರೀಲಿ ಸ್ವಲ್ಪ ಐತೆ."

"ರೈಲು ಅದ್ರ ಮೇಲೆ ಬುಡ್ತೀಯಾ?"

ಪುಟ್ಟರಾಜು ಗಂಟಲು ಸರಿಮಾಡಿಕೊಂಡರು. "ಅದು... ಆ ಕಡೆ ನೆಲ ತಗ್ಗು. ಟೆಕ್ನಿಕಲ್ ಆಗಿ ಬರಲ್ಲ."

"ಮದ್ಲು ನಿನ್ ಗದ್ದೆ ತೋರ್ಸ್‌ಬುಟ್ಟು ಆಮೇಕೆ ಹಾರ ತಗಂಡ್ ಬಾ ಓಗ್ಲಾ!" ಎಂದು ಮುದ್ದೆಕೋಲು ಬೀಸಿದರು. ಸಿಡಿದ ಹಿಟ್ಟು ಅಧ್ಯಕ್ಷರ ಬಿಳಿ ಅಂಗಿಯ ಮೇಲೆ ಬಿತ್ತು. ಅಲ್ಲಿಂದ ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಬಿದ್ದರು.

ಇಷ್ಟೆಲ್ಲ ನಡೆಯುವಾಗ ಕುಲಕರ್ಣಿ, ಇವರೆಲ್ಲ ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಮೇಷ್ಟ್ರು ಬೆವರು ಒರೆಸಿಕೊಂಡು, "ವೆಲ್‌ಕಮ್ ಹೇಳ್ತಿದ್ದಾರೆ" ಎಂದರು. ಅದೇ ಹೊತ್ತಿಗೆ ಶಿವರಾಜು ಒಂದು ಸ್ಟ್ಯಾಂಡನ್ನು ಕಿತ್ತು ಕಬ್ಬಿನೊಳಗೆ ಎಸೆದ. "ಅವರು ಯಾಕೆ ಹಾಗೆ ಮಾಡಿದರು?" ಎಂದರು ಕುಲಕರ್ಣಿ. "ಹೆಲ್ಪು, ಹೆಲ್ಪು" ಎಂದರು ಮೇಷ್ಟ್ರು.

ಯಾರೋ ಫೋನು ಮಾಡಿದ್ದರಿಂದ ಪೊಲೀಸ್ ಜೀಪು ಬಂತು. ಇಳಿದವರು ಸಬ್‌ಇನ್‌ಸ್ಪೆಕ್ಟರ್ ಗಗನ. ಬೆಳಗಿನ ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಬಂದ ಕೋಪ ಆ ಹೆಣ್ಣುಮಗಳ ಮುಖದಲ್ಲಿ ಸ್ಪಷ್ಟವಾಗಿತ್ತು.

"ರೈಲು ಹಳಿ ಪಕ್ಕ ಇಷ್ಟ್ ಜನ ಸೇರ್ಸಿದ್ದು ಯಾರು? ಯಾರಿದಕ್ಕೆ ಲೀಡರು?"

ಅಷ್ಟು ಹೊತ್ತು ಒಂದು ಮಾತಿಗೂ ಒಪ್ಪದಿದ್ದ ಎರಡು ಗುಂಪುಗಳು ಒಟ್ಟಿಗೆ ಕೈಯೆತ್ತಿ ಚೌಡಯ್ಯ ಮೇಷ್ಟ್ರನ್ನು ತೋರಿಸಿದವು.

"ಯಾರ್ರೀ ನೀವು?"

ಮೇಷ್ಟ್ರಿಗಿಂತ ಮೊದಲು ಕುಲಕರ್ಣಿಯವರೇ ಪ್ರಶ್ನೆಯನ್ನು ಊಹಿಸಿ ಹೆಮ್ಮೆಯಿಂದ ಹಿಂದಿಯಲ್ಲಿ ಉತ್ತರ ಕೊಟ್ಟರು. "ಇವರು ಮಳವಳ್ಳಿ ಜಂಕ್ಷನ್‌ನವರು."

"ನಾನು ಹುಟ್ಟಿದ್ದೇ ಆ ಪಕ್ಕದ ಬೆಳಕವಾಡೀಲಿ" ಎಂದರು ಗಗನ. "ಮಳವಳ್ಳೀಲಿ ಸ್ಟೇಷನ್ನೇ ಇಲ್ಲ. ಜಂಕ್ಷನ್ ಎಲ್ಲಿಂದ ಬಂತು?"

ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ತಮ್ಮ ಮೇಲಿನ ಸಿಟ್ಟು, ಪುಟ್ಟರಾಜುವಿನ ಮೇಲಿನ ಸಿಟ್ಟು, ನಗುವ ಮುಖ ಅಂಟಿಸಿದವನ ಮೇಲಿನ ಸಿಟ್ಟು ಎಲ್ಲ ಸೇರಿ ಗಂಟಲಿಗೆ ಬಂತು. ಹಳಿಗೆ ಬೆನ್ನು ಮಾಡಿ, ದಿಬ್ಬದ ಮೇಲೆ ನಿಂತು, ಎರಡು ಕೈಯನ್ನೂ ಅಗಲಿಸಿ, ಇಡೀ ಹೈಸ್ಕೂಲಿಗೆ ಕೇಳಿಸುತ್ತಿದ್ದ ಆ ಧ್ವನಿಯಲ್ಲಿ ಕೂಗಿದರು.

"ಇಲ್ಲ! ಜಂಕ್ಷನ್ ಇಲ್ಲ, ಸ್ಟೇಷನ್ ಇಲ್ಲ, ಸರ್ವೆನೂ ಇಲ್ಲ! ನಾನ್ ಬರ್ದಿದ್ದು ಸುಳ್ಳು! ಇವ್ರು ಆಫೀಸರ್‌ಗಳಲ್ಲ! ಬರೀ ರೈಲ್ ನೋಡೋಕೆ ಪುಣೆಯಿಂದ ಬಂದಿರೋರು!"

 ಪುಟ್ಟರಾಜು ತಮ್ಮವರ ಕಡೆ ತಿರುಗಿ ಪಿಸುಗುಟ್ಟಿದರು. "ಮೇಲ್ನೋರು ಗುಟ್ಟಾಗಿಡಿ ಅಂದವ್ರೆ ಕಣ್ರಪ್ಪ, ಅದ್ಕೇ ಇಂಗಂತಾವ್ರೆ."

"ರೈಲ್ ನೋಡಕ್ಕೆ ಪುಣೆಯಿಂದ ಬತ್ತಾರಾ?" ಎಂದ ಶಿವರಾಜು. "ಯಾಕೆ, ಪುಣೇಲ್ ರೈಲ್ ಇಲ್ವಾ ಭಾವ? ಯಾರ್ ಕಿವಿಗ್ ಊ ಮಡಗ್ತಿದ್ದೀಯ?"

ಗಗನ ನಿಟ್ಟುಸಿರಿಟ್ಟರು. "ನೋಡಿ ಮೇಷ್ಟ್ರೇ, ನಾನಿದನ್ನ ಬರ್ಕೋಬೇಕು. ನಂಬೋ ಹಾಗಿರೋದು ಏನಾದ್ರೂ ಹೇಳಿ."

ಜೀವಮಾನದಲ್ಲಿ ಒಮ್ಮೆ ಪೂರಾ ನಿಜ ಹೇಳಿದ ಮನುಷ್ಯನಿಗೆ ಆದ ಮರ್ಯಾದೆ ಇದು. ಮೇಷ್ಟ್ರು ಮತ್ತೊಮ್ಮೆ ಕೂಗಲು ಉಸಿರೆಳೆದುಕೊಂಡರು. ಅಷ್ಟರಲ್ಲಿ ಅವರ ಬೆನ್ನ ಹಿಂದೆ, ದೂರದಲ್ಲಿ, ರೈಲು ಕೂಗಿತು.

ಕುಲಕರ್ಣಿ ಚೀರಿದರು. ಸ್ಟ್ಯಾಂಡಿಲ್ಲದ ಕ್ಯಾಮೆರಾವನ್ನು ಎದೆಗವಚಿಕೊಂಡು ದಿಬ್ಬದ ಕೆಸರಿನಲ್ಲಿ ಬೋರಲು ಮಲಗಿ, ಕತ್ತು ಎತ್ತಿ ಕಣ್ಣು ಹಚ್ಚಿದರು. ಮಾತೇ ಆಡದಿದ್ದ ಚೆನ್ನೈನವರಿಬ್ಬರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಸಣ್ಣ ಮಕ್ಕಳಂತೆ ಕುಣಿದರು. ಬ್ಯಾನರ್ಜಿ ಮೇಡಂ ಕ್ಯಾಮೆರಾ ಕೆಳಗಿಳಿಸಿ, ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು, ಸುಮ್ಮನೆ ಅಳುತ್ತಾ ನಿಂತುಬಿಟ್ಟರು. ಕುಡುಗೋಲು ಹಿಡಿದವರು, ಬ್ಯಾನರು ಹಿಡಿದವರು, ಲಾಠಿ ಹಿಡಿದವರು ಎಲ್ಲರೂ ಬಾಯಿಬಿಟ್ಟು ಹಳಿಯ ಕಡೆ ನೋಡಿದರು.

ಚೌಡಯ್ಯ ಮೇಷ್ಟ್ರು ಮಾತ್ರ ತಿರುಗಲಿಲ್ಲ. ತಿರುಗುವಂತಿರಲಿಲ್ಲ. ಶಿವರಾಜುವಿನ ಕುಡುಗೋಲು ಕುಲಕರ್ಣಿಯ ಕಾಲಿನ ಹತ್ತಿರವೇ ಇತ್ತು. ತಾವು ಕೈ ಇಳಿಸಿದರೆ ಜನ ದಿಬ್ಬಕ್ಕೆ ನುಗ್ಗುತ್ತಾರೆ, ನುಗ್ಗಿದವರು ಹಳಿಗೆ ಜಾರುತ್ತಾರೆ ಎಂಬ ಭಯ. ಕೈ ಅಗಲಿಸಿಕೊಂಡು ಹಾಗೇ ನಿಂತರು. ಬೆನ್ನ ಹಿಂದೆ ನೆಲ ಅದುರಿತು. ಬಿಸಿ ಗಾಳಿ ಅಂಗಿಯನ್ನು ಉಬ್ಬಿಸಿತು. ಒಂದೊಂದೇ ಬೋಗಿ ದಡಕ್ ದಡಕ್ ಎಂದು ಹೋದದ್ದು ಅಂಗಾಲಿಗೆ ತಿಳಿಯಿತು. ಆಮೇಲೆ ಸದ್ದು ಮಂಡ್ಯದ ಕಡೆ ಸಣ್ಣಗಾಯಿತು.

ಮೊದಲು ಬಾಯಿಬಿಟ್ಟವರು ದೇವಿರಮ್ಮ. ಅವರ ಕಣ್ಣು ಬ್ಯಾನರ್ಜಿ ಮೇಡಂ ಮುಖದ ಮೇಲೆ ನೆಟ್ಟಿತ್ತು.

"ಬುಡ್ರಲಾ ಅವ್ರನ್ನ" ಎಂದರು. "ಇವ್ರು ಆಪೀಸರ್‌ಗಳಲ್ಲ ಕಣ್ರಪ್ಪ. ನನ್ ಅಳಿಯ ಏಳಿದ್ದು ನಿಜ. ಆಪೀಸರ್‌ಗಳು ಇನ್ನೊಬ್ರುನ್ನ ಅಳಿಸ್ತಾರೆ, ಅವ್ರು ಅಳಾದ್ ನಾ ಕಾಣೆ. ಇವ್ರು ಅಪ್ಪಟ ಉಚ್ರು."

ಅದೊಂದು ತೀರ್ಪು. ಕುಡುಗೋಲುಗಳು ಇಳಿದವು. ಶಿವರಾಜು ಮುಖ ಊದಿಸಿಕೊಂಡೇ ಕಬ್ಬಿನೊಳಗೆ ಹೋಗಿ ಸ್ಟ್ಯಾಂಡು ತಂದುಕೊಟ್ಟ. ಗಗನ ಮೇಷ್ಟ್ರಿಗೆ ಎಲ್ಲರ ಮುಂದೆ ಚೆನ್ನಾಗಿ ಛೀಮಾರಿ ಹಾಕಿ, ಇನ್ನೊಮ್ಮೆ ಹಳಿಯ ಹತ್ತಿರ ಕಂಡರೆ ಎತ್ತಿಕೊಂಡು ಹೋಗುವುದಾಗಿ ಹೇಳಿ ಹೊರಟರು. ಜಂಕ್ಷನ್ ಇಲ್ಲವೆಂದು ತಿಳಿದ ಕುಲಕರ್ಣಿ ಎರಡು ನಿಮಿಷ ಕೋಪದಿಂದ ಮಾತು ಬಿಟ್ಟರು. ಆಮೇಲೆ ತೆಗೆದ ಫೋಟೋ ನೋಡಿಕೊಂಡು ಕೋಪವನ್ನೂ ಮರೆತರು. ದೇವಿರಮ್ಮನ ಮನೆಯಲ್ಲಿ ಮುದ್ದೆಯನ್ನು ನುಂಗಲು ಬಾರದೆ ಜಗಿದು ಜಗಿದು ತಿಂದು, ಸಂಜೆಗೆ ಮೈಸೂರಿನ ದಾರಿ ಹಿಡಿದರು.

ಊಟಕ್ಕೆ ನಿಲ್ಲದವರು ಸಮಿತಿಯವರು ಮಾತ್ರ. ಪುಟ್ಟರಾಜು ರಾಗಿ ಹಿಟ್ಟು ಮೆತ್ತಿದ ಅಂಗಿಯಲ್ಲಿ ಟೆಂಪೋ ಹತ್ತುತ್ತಾ, "ಥೂ! ನಮ್ ಊರಿನ ಆಸೇನ ಆಟ ಮಾಡ್ಕಂಡ್ಯಲ್ಲಯ್ಯ ಚೌಡಯ್ಯ" ಎಂದರು. ಆ ಮಾತು ದೇವಿರಮ್ಮನ ಎಲ್ಲ ಬೈಗುಳಕ್ಕಿಂತ ಹೆಚ್ಚಾಗಿ ಮೇಷ್ಟ್ರಿಗೆ ನಾಟಿತು. ಕತ್ತಿನ ಹಾರವನ್ನು ಮೆಲ್ಲಗೆ ತೆಗೆದರು.

ಆದರೆ ದೇವಿರಮ್ಮ ಕೇಳಿದ ಪ್ರಶ್ನೆಯೂ ಟೆಂಪೋದಲ್ಲಿ ಅವರ ಜೊತೆಗೆ ಹೋಗಿತ್ತು. ನಾಳೆ ನಿಜವಾಗಿ ಲೈನು ಬಂದರೆ ಯಾರ ಗದ್ದೆಯ ಮೇಲೆ ಬರುತ್ತದೆ ಎಂದು ಯಾರೋ ಕೇಳಿದರು. ಅಧ್ಯಕ್ಷರದು ತಗ್ಗು, ಕಾರ್ಯದರ್ಶಿಯದು ದಿಣ್ಣೆ, ಖಜಾಂಚಿಯದು ತೆಂಗಿನ ತೋಟ. ಮಾತಿಗೆ ಮಾತು ಬೆಳೆದು, ಟೆಂಪೋ ಮಳವಳ್ಳಿ ಮುಟ್ಟುವ ಹೊತ್ತಿಗೆ ಇಲ್ಲದ ಲೈನಿಗೋಸ್ಕರ ಸಮಿತಿ ಎರಡು ಹೋಳಾಗಿತ್ತು. ಚೌಡಯ್ಯನೊಂದಿಗೆ ಮಾತು ಬಿಡಬೇಕೆಂಬ ಒಂದು ನಿರ್ಣಯವನ್ನು ಮಾತ್ರ ಎರಡು ಹೋಳುಗಳೂ ಒಪ್ಪಿದವು.

ಎರಡು ದಿನ ಮೇಷ್ಟ್ರು ಮನೆಯಿಂದ ಹೊರಗೆ ಬರಲಿಲ್ಲ. ಸೊಪ್ಪಿನವಳ ಹತ್ತಿರವೂ ಮೆಲ್ಲಗೆ ಮಾತಾಡಿದ್ದು ನೋಡಿ ಸಣ್ಣತಾಯಮ್ಮನಿಗೆ ಗಾಬರಿಯಾಯಿತು. ಮೂರನೆಯ ದಿನ ಬೆಳಿಗ್ಗೆ ಅತ್ತೆಯ ಫೋನು ಬಂತು.

"ಲೋ ಚೌಡ, ಆ ಕೆಂಪ್ ರೈಲು ತಿರ್ಗಾ ಯಾವಾಗ್ಲಾ ಬತ್ತದೆ?"

"ಇನ್ನು ಈ ವರ್ಸ ಬರಲ್ಲ ಕಣತ್ತೆ. ಯಾಕೆ?"

"ಯಾಕಂತೆ ಯಾಕೆ! ಕೊಪ್ಲಿನೋರೆಲ್ಲ ಅಂಗಿತ್ತು ಇಂಗಿತ್ತು ಅಂತ ನನ್ ಮುಂದೆನೇ ಮೆರೀತಾವ್ರೆ. ನಾನು ಆ ಅಳೋ ಯಮ್ಮನ್ ಮೊಕ ನೋಡ್ತಾ ನಿಂತ್ಬುಟ್ಟೆ. ನನ್ ಗದ್ದೆ ಮುಂದೆ ರಾಜ್ರು ರೈಲು ಓಗಿ ನಾನೇ ನೋಡ್ನಿಲ್ಲ! ಎಲ್ಲಾ ನಿನ್ನಿಂದ!"

ಮೇಷ್ಟ್ರು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು.

"ನಾನೂ ನೋಡ್ನಿಲ್ಲ ಕಣತ್ತೆ" ಎಂದರು.

 ಆ ಕಡೆ ದೇವಿರಮ್ಮ ಕೋಳಿಯೊಂದನ್ನು ಹುಶ್ ಎಂದು ಅಟ್ಟಿದರು.

"ನೀನೂ ನೋಡ್ನಿಲ್ವಾ?"

"ಇಲ್ಲ. ನಿಮ್ ಕಡೆ ಮೊಕ ಮಾಡಿ ನಿಂತಿದ್ನಲ್ಲ."

"ಥೂ ನಿನ್ ಮೊಕುಕ್ಕಿಷ್ಟು! ಇಷ್ಟೆಲ್ಲ ರಾದ್ಧಾಂತ ಮಾಡ್ಬುಟ್ಟು ನೀನೇ ನೋಡ್ನಿಲ್ವಾ? ಈಗದು ಯಾವೂರ್ನಲ್ಲೈತೆ?"

"ನೆನ್ನೆ ಮೈಸೂರು ಬಿಡ್ತಂತೆ. ನಾಳಿಕ್ಕೆ ಗೋವಾ."

"ಸರಿ, ಅದೇನ್ ಕಿಸಿತಾ ಕುಂತಿದ್ದೀಯ?" ಎಂದು ದೇವಿರಮ್ಮ ರೇಗಿದರು. "ಬಟ್ಟೆ ತುಂಬ್ಕೊ. ಗೋವಾಕ್ಕೆ ಬಸ್ಸು ಎಷ್ಟೊತ್ಗೈತೆ ಕೇಳು."